ಕೆಂಪು ಒಡೆಯದ ಹಾಗೆ ರಾ ಫೋಟೋ ತಿದ್ದುವುದು ಹೇಗೆ

ಪಕ್ಕದ ಮನೆಯ ಹುಡುಗ ಒಂದು ಕಳಿಯಾಟದ, ಅಂದರೆ ತೆಯ್ಯಂ ಉತ್ಸವದ, ಫೋಟೋ ತಂದು ತೋರಿಸಿದ. ಬೆಳಗಿನ ಜಾವ, ಒಣ ಮಡಲಿನ ಸೂಟೆಯ ಬೆಳಕು, ಮುಡಿ ಎಂಬ ಕಿರೀಟ ಏರಿಸಿಕೊಂಡು ನಿಂತ ತೆಯ್ಯಂ ಎಂಬ ದೈವದ ವೇಷ. ಒಳ್ಳೆಯ ಗಳಿಗೆ ಸಿಕ್ಕಿತ್ತು. ಆದರೆ ಮುಖ ಇರಬೇಕಾದ ಕಡೆ ಒಂದು ಕೆಂಪು ಮುದ್ದೆ ಮಾತ್ರ ಇತ್ತು. "ಅಣ್ಣಾ, ಮುಖದ ಮೇಲೆ ಎಷ್ಟು ಸಪೂರ ಗೆರೆಗಳಿದ್ದವು ಗೊತ್ತುಂಟಾ? ಇದರಲ್ಲಿ ಒಂದೂ ಇಲ್ಲ" ಎಂದ. ತುಂಬಾ ಬೇಜಾರಾಗಿತ್ತು ಅವನಿಗೆ. ಪುಣ್ಯಕ್ಕೆ ಕ್ಯಾಮೆರಾದಲ್ಲಿ ಜೆಪೆಗ್ ಜೊತೆ ರಾ ಫೈಲ್ ಕೂಡ ಉಳಿದಿತ್ತು. ಅದನ್ನು ತೆರೆದು ಕೂತೆವು. ಅರ್ಧ ಗಂಟೆಯಲ್ಲಿ ಗೆರೆಗಳು ಒಂದೊಂದಾಗಿ ಎದ್ದು ಬಂದವು.

ಕಾಸರಗೋಡಿನಲ್ಲಿ ಕ್ಯಾಮೆರಾ ಹಿಡಿದವರು ಕೆಂಪನ್ನು ಬಿಟ್ಟು ಎಲ್ಲಿಗೆ ಹೋಗುವುದು? ಮುರಕಲ್ಲು ಕೆಂಪು, ಗುಡ್ಡೆಯ ಮಣ್ಣು ಕೆಂಪು, ಅಂಗಳದಲ್ಲಿ ಹರಡಿದ ಹಣ್ಣಡಿಕೆಯೂ ಕೆಂಪಿನ ಬಳಗದ್ದೇ. ತೆಯ್ಯಂ, ಯಕ್ಷಗಾನದ ವೇಷ, ಮದುಮಗಳ ಸೀರೆ ಎಲ್ಲದರಲ್ಲೂ ಅದೇ. ಡಿಜಿಟಲ್ ಫೋಟೋದಲ್ಲಿ ಬೇಗ ಒಡೆಯುವ, ಅಂದರೆ ವಿವರ ಅಳಿಸಿ ಬರೀ ಮುದ್ದೆಯಾಗುವ, ಬಣ್ಣವೂ ಇದೇ. ಅದಕ್ಕೇ ಕೆಂಪನ್ನು ನಡುವೆ ಇಟ್ಟುಕೊಂಡು ರಾ ತಿದ್ದುವ ಕ್ರಮವನ್ನು ಹೇಳುತ್ತೇನೆ. ಕೆಂಪು ಸರಿಯಾಗಿ ಕೂತರೆ ಉಳಿದ ಬಣ್ಣಗಳಿಗೆ ಅಷ್ಟು ಕಷ್ಟ ಇಲ್ಲ.

ರಾ ಫೈಲಿನಲ್ಲಿ ಏನಿದೆ

ಕ್ಯಾಮೆರಾದ ಸೆನ್ಸರಿನ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಬಿಂದುಗಳ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಚೌಕುಳಿ ಇರುತ್ತದೆ. ಅದರಲ್ಲಿ ಅರ್ಧ ಪಾಲು ಹಸಿರಿಗೆ, ಕೆಂಪು ಮತ್ತು ನೀಲಿಗೆ ಕಾಲು ಕಾಲು. ಕೊಡಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿದ ಜೋಡಣೆ ಇದು. ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ ನಡೆಯುತ್ತಿದೆ. ಸೆನ್ಸರ್ ಅಳೆದ ಈ ಲೆಕ್ಕಗಳನ್ನು ಹೆಚ್ಚು ಕೈಯಾಡಿಸದೆ ಕಟ್ಟಿಟ್ಟ ಫೈಲೇ ರಾ.

ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್ ರಾ ಫೈಲಿನಲ್ಲಿ 4096, 14 ಬಿಟ್‌ನಲ್ಲಿ 16384. ಜೆಪೆಗ್ ಮಾಡುವಾಗ ಕ್ಯಾಮೆರಾ ತಾನೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ಸರಿದೂಗಿಸುವುದು) ಹಾಕಿ, ಕಾಂಟ್ರಾಸ್ಟ್ ಏರಿಸಿ, ಬಣ್ಣ ಗಾಢ ಮಾಡಿ, ಉಳಿದದ್ದನ್ನು ಬಿಸಾಡುತ್ತದೆ. ಹುಡುಗನ ಫೋಟೋದಲ್ಲಿ ಮುಖದ ಗೆರೆ ಹೋದದ್ದು ಆ ಹೊತ್ತಿಗೆ. ಸೆನ್ಸರ್ ಗೆರೆಗಳನ್ನು ಹಿಡಿದಿತ್ತು.

ಕ್ಯಾಮೆರಾದ ಮೆನುವಿನಲ್ಲಿ ಇಮೇಜ್ ಕ್ವಾಲಿಟಿ ಎಂಬಲ್ಲಿ ರಾ ಆಯ್ಕೆ ಮಾಡಿಕೊಳ್ಳಿ. ಕ್ಯಾನನ್‌ನಲ್ಲಿ ಸಿಆರ್2 ಅಥವಾ ಸಿಆರ್3, ನಿಕಾನ್‌ನಲ್ಲಿ ಎನ್‌ಇಎಫ್, ಸೋನಿಯಲ್ಲಿ ಎಆರ್‌ಡಬ್ಲ್ಯೂ ಎಂಬ ಫೈಲ್ ಬರುತ್ತದೆ. ಫೋನಿನಲ್ಲಾದರೆ ಪ್ರೊ ಮೋಡ್‌ನಲ್ಲಿ ಹುಡುಕಿ, ಅಲ್ಲಿ ಸಾಮಾನ್ಯವಾಗಿ ಡಿಎನ್‌ಜಿ ಇರುತ್ತದೆ. ತಿದ್ದಲು ದುಡ್ಡು ಕೊಟ್ಟು ಲೈಟ್‌ರೂಮ್ ತೆಗೆದುಕೊಳ್ಳಬಹುದು. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಪೂರ್ತಿ ಉಚಿತ. ಫೋನಿನಲ್ಲೇ ಮಾಡುವವರಿಗೆ ಸ್ನ್ಯಾಪ್‌ಸೀಡ್ ಕೂಡ ಡಿಎನ್‌ಜಿ ತೆರೆಯುತ್ತದೆ. ಮುಂದೆ ಹೇಳುವ ಹೆಜ್ಜೆಗಳು ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ, ಗುಂಡಿಗಳ ಹೆಸರು ಮಾತ್ರ ಬೇರೆ.

ಕೂರುವ ಮೊದಲು

ಬಿಸಿಲು ಬೀಳುವ ಜಗಲಿಯಲ್ಲಿ ಕೂತು ತಿದ್ದಬೇಡಿ. ಹೊರಗೆ ಬೆಳಕು ಜಾಸ್ತಿ ಇದ್ದರೆ ಪರದೆ ಮಬ್ಬಾಗಿ ಕಾಣುತ್ತದೆ. ನೀವು ಫೋಟೋವನ್ನು ಬೇಕಾದ್ದಕ್ಕಿಂತ ಬೆಳಗಿಸಿಬಿಡುತ್ತೀರಿ. ಕತ್ತಲೆ ಕೋಣೆಯಲ್ಲಿ ಕೂತರೆ ಇದರ ತಿರುಗಾಮುರುಗ. ಹದವಾದ ಬೆಳಕಿನ ಕೋಣೆ, ಪರದೆಯ ಹಿಂದೆ ಬೋಳು ಗೋಡೆ, ಅಷ್ಟು ಸಾಕು. ನೈಟ್ ಲೈಟ್ ಎಂಬ ಕಣ್ಣು ತಂಪಿನ ವ್ಯವಸ್ಥೆಯನ್ನು ಕಡ್ಡಾಯವಾಗಿ ಆರಿಸಿ. ಅದು ಪರದೆಗೆ ಹಳದಿ ಬಳಿಯುತ್ತದೆ. ಫೋನಿನಲ್ಲಿ ವಿವಿಡ್ ಎಂಬ ಡಿಸ್‌ಪ್ಲೇ ಮೋಡ್ ಇದ್ದರೆ ನ್ಯಾಚುರಲ್‌ಗೆ ಬದಲಿಸಿ. ವಿವಿಡ್‌ನಲ್ಲಿ ಕೆಂಪು ಮೊದಲೇ ಉಬ್ಬಿರುತ್ತದೆ, ಅದನ್ನು ನಂಬಿ ಕೆಲಸ ಮಾಡಲಾಗುವುದಿಲ್ಲ.

ಮೂಲ ಫೈಲ್ ಹಾಳಾದೀತು ಎಂಬ ಹೆದರಿಕೆ ಬೇಡ. ಈ ತಂತ್ರಾಂಶಗಳು ರಾ ಫೈಲನ್ನು ಮುಟ್ಟುವುದಿಲ್ಲ. ನೀವು ಮಾಡಿದ ಬದಲಾವಣೆಗಳನ್ನು ಬೇರೆ ಬರೆದಿಟ್ಟುಕೊಳ್ಳುತ್ತವೆ. ಡಾರ್ಕ್‌ಟೇಬಲ್‌ನಲ್ಲಿ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಸಣ್ಣ ಫೈಲ್ ಕಾಣಿಸುತ್ತದೆ. ಫೋಟೋ ಬೇರೆ ಡಿಸ್ಕಿಗೆ ಹಾಕುವಾಗ ಅದನ್ನೂ ಜೊತೆಗೆ ಒಯ್ಯಿರಿ.

ಮೊದಲು ಬೆಳಕು, ಆಮೇಲೆ ಬಣ್ಣ

ರಾ ಫೈಲ್ ತೆರೆದ ಕೂಡಲೇ ಕೆಲವು ಸಲ ಸಪ್ಪೆ ಕಾಣುತ್ತದೆ. ಗಾಬರಿ ಬೇಡ, ಒಗ್ಗರಣೆ ಇನ್ನೂ ಬಿದ್ದಿಲ್ಲ ಅಷ್ಟೇ. ಎಷ್ಟೋ ಜನ ಇಲ್ಲಿ ಸೀದಾ ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಎಳೆಯುತ್ತಾರೆ. ಅದನ್ನು ಮಾಡಬೇಡಿ. ಬೆಳಕು ಕೂರದೆ ಬಣ್ಣ ಕೂರುವುದಿಲ್ಲ.

ಎಕ್ಸ್‌ಪೋಶರ್ ಸ್ಲೈಡರ್ ಹಿಡಿಯಿರಿ. ಅದರ ಲೆಕ್ಕ ಸ್ಟಾಪ್‌ಗಳಲ್ಲಿ. ಪ್ಲಸ್ ಒಂದು ಎಂದರೆ ಬೆಳಕು ಎರಡು ಪಟ್ಟು, ಮೈನಸ್ ಒಂದು ಎಂದರೆ ಅರ್ಧ. ಫೋಟೋದಲ್ಲಿ ಮುಖ್ಯವಾದದ್ದು ಯಾವುದು ಎಂದು ಕೇಳಿಕೊಳ್ಳಿ. ಮುಖವೋ, ಗೋಡೆಯೋ, ಅಡಿಕೆಯ ರಾಶಿಯೋ? ಅದೊಂದು ಸರಿ ಕಾಣುವವರೆಗೆ ಮಾತ್ರ ಸರಿಸಿ. ಆಕಾಶ ಬಿಳಿಯಾದರೂ ಈಗ ತಲೆ ಕೆಡಿಸಿಕೊಳ್ಳಬೇಡಿ.

ಬೇಕಲ ಕೋಟೆಯನ್ನೇ ನೋಡಿ. ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಮುರಕಲ್ಲಿನ ಗೋಡೆಯ ಚೆಲುವು ಇರುವುದು ಕಲ್ಲಿನ ತೂತುಗಳಲ್ಲಿ. ಮಧ್ಯಾಹ್ನ ಕಡಲ ಕಡೆಗೆ ತಿರುಗಿ ತೆಗೆದರೆ ಆಕಾಶ ಬೆಳ್ಳಗೆ, ಗೋಡೆ ಕಪ್ಪು. ಗೋಡೆಯನ್ನು ನೋಡಿಕೊಂಡು ಎಕ್ಸ್‌ಪೋಶರ್ ಏರಿಸಿ, ಆಮೇಲೆ ಹೈಲೈಟ್ಸ್ ಸ್ಲೈಡರಿನಿಂದ ಆಕಾಶವನ್ನು ಇಳಿಸಿ. ಡಾರ್ಕ್‌ಟೇಬಲ್‌ನಲ್ಲಿ ಈ ಕೆಲಸಕ್ಕೆ ಟೋನ್ ಈಕ್ವಲೈಜರ್ ಇದೆ. ಕತ್ತಲ ಭಾಗವನ್ನು ಬೆಳಗಿಸುವ ಶ್ಯಾಡೋಸ್ ಮಾತ್ರ ಮಿತಿಯಲ್ಲಿರಲಿ. 14 ಬಿಟ್‌ನ 16384 ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಬೆಳಕಿನ ಒಂದು ಸ್ಟಾಪಿಗೇ 8192 ಹೋಗುತ್ತವೆ. ಅದರ ಕೆಳಗಿನದಕ್ಕೆ 4096, ಅದರ ಕೆಳಗೆ 2048. ಹೀಗೆ ಅರ್ಧರ್ಧ ಆಗುತ್ತಾ ಕತ್ತಲ ಮೂಲೆಗೆ ಉಳಿಯುವುದು ಬಹಳ ಕಮ್ಮಿ. ಅಲ್ಲಿಂದ ಎಳೆದು ತಂದರೆ ಬರುವುದು ಕಾಳು ಕಾಳು ನಾಯ್ಸ್. ಗೋಡೆಯ ತೂತಿನೊಳಗೆ ಕತ್ತಲೆ ಇದ್ದರೇ ಚಂದ. ಕೊನೆಗೆ ಬ್ಲ್ಯಾಕ್ಸ್ ಸ್ವಲ್ಪ ಇಳಿಸಿ, ಕಲ್ಲಿಗೆ ಗಟ್ಟಿತನ ಬರುತ್ತದೆ.

ಮೇಲೆ ಮೂಲೆಯಲ್ಲಿ ಹಿಸ್ಟೋಗ್ರಾಮ್ ಇರುತ್ತದೆ, ಫೋಟೋದಲ್ಲಿ ಕತ್ತಲೆ ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ. ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು. ಇದನ್ನು ಬಿಳಿ ಗುಡ್ಡದ ಹಾಗೆ ಮಾತ್ರ ನೋಡಿ ಸುಮ್ಮನಾಗಬೇಡಿ. ಅದರೊಳಗೆ ಕೆಂಪು, ಹಸಿರು, ನೀಲಿ ಮೂರು ಗುಡ್ಡಗಳಿವೆ. ಕೆಂಪು ಗುಡ್ಡ ಒಂದೇ ಬಲ ಗೋಡೆಗೆ ಒತ್ತಿ ನಿಂತಿದ್ದರೆ ಅಲ್ಲಿ ಕೆಂಪು ಒಡೆದಿದೆ ಎಂದರ್ಥ. ಒಟ್ಟು ಫೋಟೋ ಕತ್ತಲೆಯಾಗಿ ಕಂಡರೂ ಹೀಗಾಗಬಹುದು. ಹುಡುಗನ ಜೆಪೆಗ್‌ನಲ್ಲಿ ಆದದ್ದು ಇದೇ. ಹಿಂದೆ ಕಪ್ಪು ಕತ್ತಲೆ, ಆದರೂ ಕೆಂಪು ಚಾನೆಲ್, ಅಂದರೆ ಕೆಂಪಿನ ಪಾಲಿನ ಲೆಕ್ಕ, ತುಂಬಿ ತುಳುಕಿತ್ತು.

ವೈಟ್ ಬ್ಯಾಲೆನ್ಸ್

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಸೂಟೆ ಅಥವಾ ದೀಪದ ಬೆಂಕಿ ಸುಮಾರು 1900, ಹಳೆಯ ಬಲ್ಬು 2800ರ ಹತ್ತಿರ, ಮಧ್ಯಾಹ್ನದ ಬಿಸಿಲು 5500, ಮಳೆ ಮೋಡ 6500ರಿಂದ ಮೇಲೆ, ನೆರಳು 7000ಕ್ಕೂ ಹೆಚ್ಚು. ಸಂಖ್ಯೆ ಕಮ್ಮಿ ಆದಷ್ಟು ಬೆಳಕು ಕೆಂಪು. ಆದರೆ ತಂತ್ರಾಂಶದ ಸ್ಲೈಡರನ್ನು ದೊಡ್ಡ ಸಂಖ್ಯೆಗೆ ಎಳೆದರೆ ಫೋಟೋ ಹಳದಿಯಾಗುತ್ತದೆ. ಹೊಸಬರಿಗೆ ಇದು ಗೊಂದಲ. ನೀವು ಅಲ್ಲಿ ಹೇಳುತ್ತಿರುವುದು "ಅವತ್ತಿನ ಬೆಳಕು ಇಷ್ಟು ನೀಲಿ ಇತ್ತು" ಎಂದು. ಅದನ್ನು ಸರಿದೂಗಿಸಲು ತಂತ್ರಾಂಶ ಹಳದಿ ಸೇರಿಸುತ್ತದೆ. ಇಷ್ಟು ಅರ್ಥವಾದರೆ ಸಾಕು.

ಡ್ರಾಪರ್ ಎಂಬ ಸಾಧನದಿಂದ ಬೂದು ಬಣ್ಣದ ಜಾಗ ಒತ್ತಿದರೆ ತಾನಾಗಿ ಸರಿಯಾಗುತ್ತದೆ. ನಮ್ಮಲ್ಲಿ ಬಹಳ ಜನ ಯಾರದ್ದಾದರೂ ಬಿಳಿ ಮುಂಡಿನ ಮೇಲೆ ಒತ್ತುತ್ತಾರೆ. ನೀಲಿ ಹಾಕಿ ಒಗೆದ ಮುಂಡು ನಿಜವಾದ ಬಿಳಿ ಅಲ್ಲ, ನಸು ನೀಲಿ. ಅದನ್ನು ಬಿಳಿ ಎಂದು ನಂಬಿಸಿದರೆ ಇಡೀ ಫೋಟೋ ಹಳದಿಗೆ ವಾಲುತ್ತದೆ, ಕೆಂಪು ಇನ್ನಷ್ಟು ಉಬ್ಬುತ್ತದೆ. ಫೋಟೋ ಅಂಗಡಿಯಲ್ಲಿ ಸಿಗುವ ಗ್ರೇ ಕಾರ್ಡ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಅದೇ ಬೆಳಕಿನಲ್ಲಿ ಒಂದು ಫೋಟೋ ಅದರದ್ದೂ ತೆಗೆಯಿರಿ. ಆಮೇಲೆ ಅದರಿಂದ ಅಳತೆ ತೆಗೆದು ಉಳಿದವಕ್ಕೆ ಹಾಕಿದರೆ ಆಯಿತು.

ಅಡಿಕೆ ತೋಟದೊಳಗೆ ಇನ್ನೊಂದು ತೊಂದರೆ. ಸೋಗೆಗಳ ನಡುವಿಂದ ಸೋಸಿ ಬರುವ ಬೆಳಕಿಗೆ ಹಸಿರು ಅಂಟಿರುತ್ತದೆ. ತೋಟದಲ್ಲಿ ನಿಲ್ಲಿಸಿ ತೆಗೆದ ಅಪ್ಪನ ಮುಖ ಹುಷಾರಿಲ್ಲದವರ ಹಾಗೆ ಕಾಣುವುದು ಇದರಿಂದಲೇ. ಕೆಲ್ವಿನ್ ಎಷ್ಟು ಎಳೆದರೂ ಅದು ಹೋಗುವುದಿಲ್ಲ. ಅದರ ಕೆಳಗಿರುವ ಟಿಂಟ್ ಸ್ಲೈಡರನ್ನು ಮಜೆಂಟಾ ಕಡೆಗೆ ಸ್ವಲ್ಪ ಸರಿಸಿ. ಮುಖಕ್ಕೆ ರಕ್ತ ಬರುವುದು ಕಣ್ಣಿಗೇ ಕಾಣುತ್ತದೆ.

ಬೆಂಕಿಯ ಬೆಳಕನ್ನು ಮಾತ್ರ ಪೂರ್ತಿ ಬಿಳಿ ಮಾಡಲು ಹೋಗಬೇಡಿ. ಅಲ್ಲಿ ನಿಂತು ನೋಡಿದ್ದು ಕೇಸರಿ ಬೆಳಕೇ ಅಲ್ವಾ? ಹುಡುಗನ ಫೋಟೋಕ್ಕೆ ನಾವು 3000ದ ಸುತ್ತ ಇಟ್ಟೆವು. ಬೆಂಕಿ ಬೆಂಕಿಯಾಗಿಯೇ ಉಳಿಯಿತು, ಹಿಂದಿನ ಬೆಳಗಿನ ಆಕಾಶಕ್ಕೆ ಅದರ ನೀಲಿ ಬಂತು.

ಡಾರ್ಕ್‌ಟೇಬಲ್ ಬಳಸುವವರು ಒಂದು ವಿಷಯ ನೆನಪಿಡಿ. ಅದರ ಹೊಸ ಕ್ರಮದಲ್ಲಿ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಇದ್ದ ಹಾಗೇ ಬಿಟ್ಟು, ಕಲರ್ ಕ್ಯಾಲಿಬ್ರೇಶನ್ ಎಂಬಲ್ಲಿ ಬದಲಿಸಬೇಕು. ಎರಡೂ ಕಡೆ ಕೈ ಹಾಕಿದರೆ ಬಣ್ಣ ಎಲ್ಲೆಲ್ಲೋ ಹೋಗುತ್ತದೆ.

ಯಕ್ಷಗಾನದ ರಂಗಸ್ಥಳದಲ್ಲಿ ಈಗ ಬಣ್ಣ ಬಣ್ಣದ ಎಲ್‌ಇಡಿ. ಪೂರ್ತಿ ನೀಲಿ ಬೆಳಕು ಬಿದ್ದಾಗ ತೆಗೆದ ಫೋಟೋವನ್ನು ಯಾವ ವೈಟ್ ಬ್ಯಾಲೆನ್ಸೂ ಸರಿ ಮಾಡದು. ಆ ಬೆಳಕಿನಲ್ಲಿ ಕೆಂಪೇ ಇಲ್ಲ, ಇಲ್ಲದ್ದನ್ನು ತರುವುದೆಲ್ಲಿಂದ? ಎದುರಿನ ಬಿಳಿ ಬೆಳಕು ಬರುವವರೆಗೆ ಕಾಯಿರಿ. ಎಲ್‌ಇಡಿಯ ಕಪ್ಪು ಪಟ್ಟಿಗಳು ಬರುತ್ತಿದ್ದರೆ ಶಟರನ್ನು 1/50 ಅಥವಾ 1/100ಕ್ಕೆ ಇಟ್ಟು ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ಆ ವೇಗ ಅದಕ್ಕೆ ಹೊಂದುತ್ತದೆ. ನನ್ನನ್ನು ಕೇಳಿದರೆ ರಂಗಸ್ಥಳಕ್ಕಿಂತ ಚೌಕಿಯ (ವೇಷ ಕಟ್ಟುವ ಜಾಗದ) ಬೆಳಕೇ ಫೋಟೋಕ್ಕೆ ಒಳ್ಳೆಯದು. ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಾಕಿಕೊಳ್ಳುತ್ತಾ ಕೂತ ವೇಷಧಾರಿಯ ಮೇಲೆ ಒಂದೇ ದೀಪದ ಸಮನಾದ ಬೆಳಕು ಬೀಳುತ್ತಿರುತ್ತದೆ. ಕೇಳಿ ತೆಗೆಯಿರಿ, ಅಡ್ಡ ನಿಲ್ಲಬೇಡಿ.

ಒಡೆದ ಕೆಂಪನ್ನು ಸರಿ ಮಾಡುವುದು

ಈಗ ಮುಖ್ಯ ಭಾಗ. ಕೆಂಪು ಒಡೆಯುವುದು ಎರಡು ಜಾಗದಲ್ಲಿ: ಸೆನ್ಸರಿನಲ್ಲಿ ಅಥವಾ ತಿದ್ದುವಾಗ. ಯಾವುದು ಎಂದು ತಿಳಿಯದೆ ಸರಿ ಮಾಡಲು ಆಗುವುದಿಲ್ಲ.

ಬಿಸಿಲಿನಲ್ಲಿ ಸೆನ್ಸರಿನ ಹಸಿರು ಬಿಂದುಗಳಿಗೆ ಬೆಳಕು ಜಾಸ್ತಿ ಸಿಗುತ್ತದೆ, ಕೆಂಪಿಗೆ ಕಮ್ಮಿ. ಹಾಗಾಗಿ ವೈಟ್ ಬ್ಯಾಲೆನ್ಸ್ ಹಾಕುವಾಗ ಕೆಂಪಿನ ಲೆಕ್ಕವನ್ನು ಗುಣಿಸಬೇಕಾಗುತ್ತದೆ. ಹಲವು ಕ್ಯಾಮೆರಾಗಳಲ್ಲಿ ಇದು ಹತ್ತಿರ ಹತ್ತಿರ ಎರಡು ಪಟ್ಟು. ಕೆಂಪು ಗೋಡೆ ದಾಟುವುದು ಈ ಗುಣಾಕಾರದಲ್ಲಿ, ಜೊತೆಗೆ ಸೇರಿದ ಕಾಂಟ್ರಾಸ್ಟ್ ಮತ್ತು ಸ್ಯಾಚುರೇಶನ್‌ನಲ್ಲಿ. ಅಂದರೆ ಹಗಲಿನ ಫೋಟೋದಲ್ಲಿ ಒಡೆದಂತೆ ಕಾಣುವ ಕೆಂಪು ರಾ ಫೈಲಿನಲ್ಲಿ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಹಗಲಿನ ಮದುವೆಯ ಕೆಂಪು ಸೀರೆಯ ಜರಿ, ಮಡಿಕೆ ಎಲ್ಲ ಮರಳಿ ಸಿಗುತ್ತದೆ.

ಬೆಂಕಿಯ ಬೆಳಕಿನಲ್ಲಿ ಕಥೆ ಬೇರೆ. ಅಲ್ಲಿ ಬರುವ ಬೆಳಕೇ ಕೆಂಪು. ಸೆನ್ಸರಿನಲ್ಲಿ ಮೊದಲು ತುಂಬುವುದು ಕೆಂಪು ಬಿಂದು. ಅಲ್ಲಿ ತುಂಬಿ ಹೋದರೆ ಯಾವ ತಂತ್ರಾಂಶವೂ ತರಲಾರದು. ಹಾಗಾಗಿ ತೆಗೆಯುವಾಗಲೇ ಕ್ಯಾಮೆರಾದಲ್ಲಿ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಮೈನಸ್ ಒಂದಕ್ಕೆ ಇಡಿ. ಆ ಹುಡುಗ ಇಟ್ಟಿದ್ದ, ಅದು ಅವನನ್ನು ಕಾಪಾಡಿತು. ಹಿಸ್ಟೋಗ್ರಾಮನ್ನು ಆದಷ್ಟು ಬಲಕ್ಕೆ ತಳ್ಳಿ ತೆಗೆಯಿರಿ ಎಂಬ ಪಾಠ ಹಗಲಿಗೆ ಸರಿ, ತೆಯ್ಯಂನ ಬೆಂಕಿಗೆ ಬೇಡ.

ಯಾವ ಜಾಗದಲ್ಲಿ ಒಡೆದಿದೆ ಎಂದು ನೋಡಲು ಡಾರ್ಕ್‌ಟೇಬಲ್‌ನ ಕೆಳಪಟ್ಟಿಯಲ್ಲಿ ರಾ ಓವರ್‌ಎಕ್ಸ್‌ಪೋಸ್ಡ್ ಎಂಬ ಗುಂಡಿ ಇದೆ. ಅದು ಸೆನ್ಸರಿನಲ್ಲೇ ತುಂಬಿದ ಜಾಗಕ್ಕೆ ಮಾತ್ರ ಗುರುತು ಹಾಕುತ್ತದೆ. ಲೈಟ್‌ರೂಮ್‌ನಲ್ಲಿ ಆಲ್ಟ್ ಕೀಲಿ ಒತ್ತಿಕೊಂಡು ಎಕ್ಸ್‌ಪೋಶರ್ ಸ್ಲೈಡರ್ ಎಳೆಯಿರಿ. ಪರದೆ ಕಪ್ಪಾಗಿ, ಒಡೆದ ಚಾನೆಲಿನ ಬಣ್ಣ ಮಾತ್ರ ಉಳಿಯುತ್ತದೆ. ಎಕ್ಸ್‌ಪೋಶರ್ ಇಳಿಸಿದಂತೆ ಕೆಂಪು ಚುಕ್ಕೆಗಳು ಹೋದರೆ ವಿವರ ಒಳಗಿದೆ. ಎಷ್ಟು ಇಳಿಸಿದರೂ ಆ ಜಾಗ ಗೆರೆಯಿಲ್ಲದೆ ಚಪ್ಪಟೆಯಾಗಿಯೇ ಇದ್ದರೆ, ಅದು ಹೋಯಿತು. ನಮ್ಮ ಫೋಟೋದಲ್ಲಿ ಸೂಟೆಯ ಜ್ವಾಲೆ ಮಾತ್ರ ಹೋಗಿತ್ತು. ಜ್ವಾಲೆ ಹೋದರೆ ನಷ್ಟ ಇಲ್ಲ.

ಆಮೇಲೆ ಮಾಡಿದ್ದು ಇಷ್ಟು. ಮೊದಲು ಪ್ರೊಫೈಲ್, ಅಂದರೆ ತಂತ್ರಾಂಶ ಶುರುವಿಗೆ ಹಾಕುವ ಬಣ್ಣದ ಹದ, ಬದಲಿಸಿದೆವು. ಲೈಟ್‌ರೂಮ್ ತಾನಾಗಿ ಅಡೋಬಿ ಕಲರ್ ಹಾಕಿರುತ್ತದೆ. ಅದರ ಬದಲು ಅಡೋಬಿ ನ್ಯೂಟ್ರಲ್ ಹಾಕಿದರೆ ಕಾಂಟ್ರಾಸ್ಟ್ ಇಳಿದು ಕೆಂಪಿಗೆ ಉಸಿರಾಡಲು ಜಾಗ ಸಿಗುತ್ತದೆ. ಆಮೇಲೆ ಕಲರ್ ಮಿಕ್ಸರ್‌ನಲ್ಲಿ ಕೆಂಪಿನ ಸ್ಯಾಚುರೇಶನ್ ಮೈನಸ್ 15, ಲ್ಯೂಮಿನನ್ಸ್ (ಆ ಬಣ್ಣದ ಬೆಳಕು) ಮೈನಸ್ 10. ಇಷ್ಟರಲ್ಲೇ ಗೆರೆಗಳು ಕಂಡವು. ಡಾರ್ಕ್‌ಟೇಬಲ್‌ನಲ್ಲಾದರೆ ಕಲರ್ ಝೋನ್ಸ್‌ನಲ್ಲಿ ಇದೇ ಕೆಲಸ ಮಾಡಬಹುದು. ಈ ಸಂಖ್ಯೆಗಳು ನಿಮ್ಮ ಫೋಟೋಕ್ಕೆ ಹೊಂದಲೇಬೇಕೆಂದಿಲ್ಲ, ಇಲ್ಲಿಂದ ಶುರು ಮಾಡಿ.

ಬಣ್ಣ ಇಳಿಸಿದರೆ ವಿವರ ಹೇಗೆ ಬರುತ್ತದೆ ಎಂದು ಅವನು ಕೇಳಿದ. ಗಾಢ ಕೆಂಪಿನಲ್ಲಿ ಕೆಂಪು ಚಾನೆಲ್ ಮೇಲಿನ ಗೋಡೆಗೆ ತಾಗಿದರೆ, ಹಸಿರು ಮತ್ತು ನೀಲಿ ಕೆಳಗೆ ಸೊನ್ನೆಗೆ ತಾಗಿರುತ್ತವೆ. ಗೆರೆ, ನೆರಳು, ಮಡಿಕೆ ಕಾಣಬೇಕಾದರೆ ಚಾನೆಲ್‌ಗಳಲ್ಲಿ ಏರಿಳಿತ ಇರಬೇಕು. ಮೂರೂ ಗೋಡೆಗೆ ಅಂಟಿದರೆ ಏರಿಳಿತ ಎಲ್ಲಿಂದ? ಸ್ಯಾಚುರೇಶನ್ ಇಳಿಸಿದಾಗ ಮೂರೂ ಗೋಡೆ ಬಿಟ್ಟು ಒಳಗೆ ಬರುತ್ತವೆ. ಲೈಟ್‌ರೂಮ್‌ನಲ್ಲಿ ಮುಖದ ಮೇಲೆ ಮೌಸ್ ಇಟ್ಟರೆ ಹಿಸ್ಟೋಗ್ರಾಮಿನ ಕೆಳಗೆ ಮೂರರ ಶೇಕಡಾ ಲೆಕ್ಕ ಕಾಣುತ್ತದೆ. ಕೆಂಪು 97 ದಾಟದಿರಲಿ, ಉಳಿದೆರಡು ಸೊನ್ನೆ ಮುಟ್ಟದಿರಲಿ. ಈ ಒಂದು ನಿಯಮವನ್ನು ನಾನು ಎಲ್ಲಾ ಕೆಂಪು ಫೋಟೋಗಳಿಗೆ ಪಾಲಿಸುತ್ತೇನೆ.

ಕೇಸರಿ ಸ್ಲೈಡರಿನ ಬಗ್ಗೆ ಎಚ್ಚರ. ಮುರಕಲ್ಲು, ಹಣ್ಣಡಿಕೆ, ನಮ್ಮ ಮೈಬಣ್ಣ ಮೂರೂ ಆ ಒಂದೇ ಸ್ಲೈಡರಿನಲ್ಲಿ ಬರುತ್ತವೆ. ಅಂಗಳದ ಅಡಿಕೆ ಹೊಳೆಯಲಿ ಎಂದು ಎಳೆದರೆ, ಅಡಿಕೆ ಹರಡುತ್ತಿರುವ ಅಮ್ಮನ ಕೈ ಮುಖ ಎಲ್ಲ ಹಳದಿಯಾಗುತ್ತದೆ. ಮಾಸ್ಕ್ ಹಾಕಿ ಅಡಿಕೆಯನ್ನು ಮಾತ್ರ ಬೇರೆ ಮಾಡಿಕೊಂಡು ತಿದ್ದಿ. ಮೈಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಮದುವೆ ಫೋಟೋಗಳಲ್ಲಿ ಎಲ್ಲರ ಮುಖವನ್ನೂ ಬೆಳ್ಳಗೆ ಮಾಡುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಕಪ್ಪಗಿರುವವರ ಮುಖದಲ್ಲಿ ಬೆಳಕು ಬಿದ್ದು ಹೊಳೆಯುವ ಕೆನ್ನೆಯ ಚೆಲುವನ್ನು ಅದು ಅಳಿಸಿ ಹಾಕುತ್ತದೆ. ಮುಖ ನೆರಳಲ್ಲಿದ್ದರೆ ಬೆಳಕು ಕೊಡಿ. ಬಣ್ಣ ಅವರದ್ದೇ ಇರಲಿ.

ಮಳೆಗಾಲದ ಹಸಿರು

ಆಟಿ ತಿಂಗಳಲ್ಲಿ ತೆಗೆದ ಗದ್ದೆ, ತೋಟ, ರಾಣಿಪುರಂ ಗುಡ್ಡದ ಹುಲ್ಲು ಬಹಳ ಸಲ ಪ್ಲಾಸ್ಟಿಕ್‌ನ ಹಾಗೆ ಕಾಣುತ್ತದೆ. ಎಲೆಯ ಹಸಿರಿನಲ್ಲಿ ಹಳದಿ ತುಂಬಾ ಇರುತ್ತದೆ. ಸ್ಯಾಚುರೇಶನ್ ಏರಿಸಿದರೆ ಆ ಹಳದಿ ಚೀರುತ್ತದೆ. ಹಸಿರನ್ನು ಬಿಟ್ಟು ಹಳದಿಯ ಸ್ಯಾಚುರೇಶನ್ ಇಳಿಸಿ, ಅದರ ಹ್ಯೂವನ್ನು (ಬಣ್ಣದ ಛಾಯೆಯನ್ನು) ಸ್ವಲ್ಪ ಹಸಿರಿನ ಕಡೆ ಸರಿಸಿ. ಒದ್ದೆ ಎಲೆಯ ತಂಪು ಬರುತ್ತದೆ. ಇಡೀ ಫೋಟೋಕ್ಕೆ ಜೀವ ಬೇಕೆನಿಸಿದರೆ ಸ್ಯಾಚುರೇಶನ್ ಬದಲು ವೈಬ್ರೆನ್ಸ್ ಬಳಸಿ. ಅದು ಸಪ್ಪೆ ಇರುವ ಬಣ್ಣವನ್ನು ಹೆಚ್ಚು ಏರಿಸುತ್ತದೆ, ಮೊದಲೇ ಗಾಢ ಇರುವುದನ್ನು ಅಷ್ಟಾಗಿ ಮುಟ್ಟುವುದಿಲ್ಲ.

ನಾಯ್ಸ್ ತೆಗೆಯುವುದು, ಶಾರ್ಪ್ ಮಾಡುವುದು ಕೊನೆಗೆ. ಬೆಂಕಿಯ ಬೆಳಕಿನ ಫೋಟೋದಲ್ಲಿ ನೀಲಿ ಚಾನೆಲ್‌ಗೆ ಬೆಳಕೇ ಸಿಕ್ಕಿರುವುದಿಲ್ಲ. ಹಾಗಾಗಿ ಬಣ್ಣದ ಚುಕ್ಕೆ ಜಾಸ್ತಿ. ಕಲರ್ ನಾಯ್ಸ್ ಪೂರ್ತಿ ತೆಗೆಯಿರಿ, ಲ್ಯೂಮಿನನ್ಸ್ ನಾಯ್ಸ್ ಸ್ವಲ್ಪ ಉಳಿಯಲಿ. ಅದನ್ನೂ ತೊಳೆದರೆ ಕಷ್ಟಪಟ್ಟು ತಂದ ಗೆರೆಗಳು ಮತ್ತೆ ಹೋಗುತ್ತವೆ.

ಹೊರಗೆ ಕಳುಹಿಸುವಾಗ

ತಿದ್ದಿ ಮುಗಿದ ಕೂಡಲೇ ಎಕ್ಸ್‌ಪೋರ್ಟ್ ಮಾಡಬೇಡಿ. ಚಾ ಕುಡಿದು ಬನ್ನಿ. ಒಂದೇ ಫೋಟೋ ನೋಡುತ್ತಾ ಕೂತರೆ ಕಣ್ಣು ಅದಕ್ಕೆ ಒಗ್ಗಿ, ಎಷ್ಟು ಎಳೆದರೂ ಸಾಲದು ಅನ್ನಿಸುತ್ತದೆ. ಮರಳಿ ಬಂದು ನೋಡಿದಾಗ ಅತಿಯಾದದ್ದು ತಕ್ಷಣ ಗೊತ್ತಾಗುತ್ತದೆ.

ಫೋನಿಗೆ, ಜಾಲತಾಣಕ್ಕೆ ಹಾಕುವುದಾದರೆ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಇರಲಿ. ಅಡೋಬಿ ಆರ್‌ಜಿಬಿಯಲ್ಲಿ ಕಳುಹಿಸಿದರೆ ಕೆಲವು ಕಡೆ ಬಣ್ಣ ಸಪ್ಪೆಯಾಗಿ ಕಾಣುತ್ತದೆ. ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಕ್ವಾಲಿಟಿ 85 ಸಾಕು. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಎಂದು ಕಳುಹಿಸಿ. ಸುಮ್ನೆ ಫೋಟೋ ಎಂದು ಹಾಕಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಕೆಂಪಿನ ಅಂಚುಗಳು ಮೊದಲು ಕೆಡುತ್ತವೆ.

ಆ ಫೋಟೋವನ್ನು ವೇಷ ಕಟ್ಟಿದವರ ಮನೆಗೆ ಕೊಡಬೇಕೆಂದು ಹುಡುಗನ ಆಸೆ. 8x12 ಇಂಚಿನ ಪ್ರಿಂಟಿಗೆ 300 ಡಿಪಿಐ ಲೆಕ್ಕದಲ್ಲಿ 2400x3600 ಪಿಕ್ಸೆಲ್ ಬೇಕು. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಅದಕ್ಕೆ ಪ್ರಿಂಟಿಗೆ ಕಳುಹಿಸುವ ಪ್ರತಿಯಲ್ಲಿ ಎಕ್ಸ್‌ಪೋಶರ್ ಸ್ವಲ್ಪ, ಕಾಲು ಸ್ಟಾಪಿನಷ್ಟು, ಏರಿಸಿ. ಲ್ಯಾಬಿನವರಿಗೆ ಆಟೋ ಕರೆಕ್ಷನ್ ಹಾಕಬೇಡಿ ಎಂದು ಬಾಯಿಬಿಟ್ಟು ಹೇಳಿ. ನಾವು ಮೊದಲು ಒಂದು ಸಣ್ಣ ಪ್ರಿಂಟ್ ತೆಗೆಸಿದೆವು. ಜಗಲಿಯ ಹಗಲು ಬೆಳಕಿನಲ್ಲಿ ಹಿಡಿದು ನೋಡಿದಾಗ ಕೆನ್ನೆಯ ಗೆರೆಗಳು ಕಂಡವು, ಆದರೆ ಗಲ್ಲದ ಕೆಳಗೆ ಕೆಂಪು ಸ್ವಲ್ಪ ಕಪ್ಪಿಟ್ಟಿತ್ತು. ಕೆಂಪಿನ ಲ್ಯೂಮಿನನ್ಸನ್ನು ಮೈನಸ್ 10ರಿಂದ ಮೈನಸ್ 4ಕ್ಕೆ ತಂದು, ದೊಡ್ಡದನ್ನು ಕಳುಹಿಸಿದೆವು.